ಎಂಜಿನ್ ದೀಪದ ಮಹಜರು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ೨೦೧೩ರ ಜೂನ್ ಮೂವತ್ತರಂದು ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಕಮಲಮ್ಮನವರು ಆ ಅವಧಿಯ ಪ್ರಯಾಣವನ್ನೆಲ್ಲ ಜೀಪಿನ ಎಡಗಡೆಯ ಆಸನದಲ್ಲಿ ಕುಳಿತೇ ಮುಗಿಸಿದರು. ಅವರ ಕಚೇರಿಗೆ ಇದ್ದದ್ದು ಒಂದೇ ಜೀಪು, ಒಬ್ಬನೇ ಚಾಲಕ. ನಂಜನಗೂಡಿಗೋ ಹುಣಸೂರಿಗೋ ತಪಾಸಣೆಗೆ ಹೊರಡಬೇಕೆಂದರೆ, ಪೆಟ್ರೋಲ್ ಬಂಕುಗಳನ್ನು ಪರೀಕ್ಷಿಸುವ ಐದು ಲೀಟರಿನ ಅಳತೆ ಪಾತ್ರೆಯನ್ನೂ ತೂಕದ ಬಟ್ಟುಗಳ ಪೆಟ್ಟಿಗೆಯನ್ನೂ ತಾವೇ ಹೊತ್ತು ತಂದು ಜೀಪಿನಲ್ಲಿಡುತ್ತಿದ್ದರು. ಚಾಲಕ ಮಹಾಶಯ ಕಾಫಿ ಮುಗಿಸಿ, ಎಲೆ ಅಡಿಕೆ ಮೆದ್ದು, ಮನಸ್ಸು ಮಾಡಿ ಬರುವವರೆಗೆ ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಅವನಿಗೆ ಜ್ವರ ಬಂದ ವಾರ ಅರ್ಧ ಜಿಲ್ಲೆಯ ತಕ್ಕಡಿಗಳು ತಮಗೆ ತೋಚಿದಂತೆ ತೂಗುತ್ತಿದ್ದವು. ಹೆಂಗಸೊಬ್ಬಳು ತಾನೇ ಜೀಪು ಓಡಿಸಿಕೊಂಡು ಹೋಗಬಹುದೆಂಬ ಆಲೋಚನೆ ಆ ಕಚೇರಿಯಲ್ಲಿ ಯಾರಿಗೂ ಬರಲಿಲ್ಲ. ಕಮಲಮ್ಮನವರಿಗೆ ಬಂದಿತ್ತು, ಕೇಳಿದಾಗ ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ಲಿಖಿತವಾಗಿ ಬಂತು.

ನಿವೃತ್ತಿಯ ಮರುವಾರವೇ ಅವರು ಡ್ರೈವಿಂಗ್ ಶಾಲೆಗೆ ಸೇರಿದರು. ಅಲ್ಲಿನವನು, ಕಲಿಯುವವರು ಯಾರು, ಮಗಳೋ ಸೊಸೆಯೋ ಎಂದು ವಿಚಾರಿಸಿದ. ಮೊದಲ ಪರೀಕ್ಷೆಯಲ್ಲಿ ಹಿಂದಕ್ಕೆ ಚಲಿಸುವಾಗ ಕಂಬಕ್ಕೆ ತಾಗಿಸಿ ಅನುತ್ತೀರ್ಣರಾದರು, ಎರಡನೆಯದರಲ್ಲಿ ಉತ್ತೀರ್ಣರಾದರು. ಎರಡು ಸಂಗತಿಗಳನ್ನೂ ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ. ೨೦೧೪ರ ಜನವರಿಯಲ್ಲಿ ಗ್ರಾಚ್ಯುಟಿಯ ಹಣದಿಂದ ಬೂದು ಬಣ್ಣದ ಒಂದು ಸಣ್ಣ ಪೆಟ್ರೋಲ್ ಕಾರು ರಾಮಕೃಷ್ಣನಗರದ ಅವರ ಮನೆಯ ಮುಂದೆ ಬಂದು ನಿಂತಿತು. ನೋಂದಣಿ ಅವರ ಹೆಸರಿನಲ್ಲೇ ಆಯಿತು.

ಅಂದಿನಿಂದ ಅವರು ಎಲ್ಲಿಗೆ ಹೋಗಬೇಕಾದರೂ ಯಾರ ಬಿಡುವನ್ನೂ ಕಾಯಲಿಲ್ಲ. ನಜರ್‌ಬಾದಿನಲ್ಲಿದ್ದ ಅಕ್ಕನನ್ನು ನೋಡಲು, ಮಾರುಕಟ್ಟೆಗೆ, ಸಂಗೀತ ಕಚೇರಿಗೆ, ಪಿಂಚಣಿದಾರರ ಸಭೆಗೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಶ್ರೀರಂಗಪಟ್ಟಣದವರೆಗೆ ಹೋಗಿ ಬರಲು. ಎದುರುಮನೆಯ ಪುಟ್ಟತಾಯಮ್ಮ ಸಾಮಾನ್ಯವಾಗಿ ಜೊತೆಗಿರುತ್ತಿದ್ದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತರಾದವರು, ವರುಣದ ಕಡೆಯ ಬೇಸಾಯಗಾರರ ಮನೆಯವರು, ಬಾಯಿಗೆ ಬೀಗವಿಲ್ಲದವರು. ಹತ್ತು ವರ್ಷ ಕಾರು ಒಮ್ಮೆಯೂ ದಾರಿಯಲ್ಲಿ ಕೈಕೊಡಲಿಲ್ಲ.

೨೦೨೪ರ ಅಕ್ಟೋಬರ್ ಇಪ್ಪತ್ತೊಂದರ ಸೋಮವಾರ ಬೆಳಿಗ್ಗೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ಕಾರಿನ ಓಟದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಆದರೂ ಕಮಲಮ್ಮನವರು ಸೂಚನೆಯನ್ನು ಕಡೆಗಣಿಸುವವರಲ್ಲ. ಹೊರವರ್ತುಲ ರಸ್ತೆಯ ಬದಿಯಲ್ಲಿರುವ, ಗಾಜಿನ ಮುಖಮಂಟಪದ, ಹೆಸರು ಇಲ್ಲಿ ಅನಗತ್ಯವಾದ ಒಂದು ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಗ್ರಾಹಕರನ್ನು ಮಾತನಾಡಿಸುವ ಕೆಲಸ ಗುರುಕಿರಣ್ ಎಂಬ ತರುಣನದು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತುಪಟ್ಟಿ. ಒಂದು ಯಂತ್ರವನ್ನು ಕಾರಿಗೆ ಜೋಡಿಸಿ, ಅದು ತೋರಿಸಿದ ಸಂಖ್ಯೆಯನ್ನು ನೋಡಿ, ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಹಾಳಾಗಿದೆ ಎಂದು ಹೇಳಿದ. ನವೆಂಬರ್ ಏಳರಂದು ಸೆನ್ಸರ್ ಬದಲಾಯಿತು. ಬಿಲ್ಲು ಏಳು ಸಾವಿರದ ಎಂಟುನೂರ ಅರವತ್ತು ರೂಪಾಯಿ. ಅಳೆಯುವ ಉಪಕರಣ ಕೆಡಬಹುದೆಂಬುದನ್ನು ಕಮಲಮ್ಮನವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಮರುಮಾತಾಡದೆ ಹಣ ಕೊಟ್ಟರು.

ಜನವರಿ ಹದಿನೆಂಟರಂದು ಅದೇ ದೀಪ ಮತ್ತೆ ಹತ್ತಿತು. ಯಂತ್ರ ಅದೇ ಸಂಖ್ಯೆಯನ್ನು ತೋರಿಸಿತು. ಹೊಸ ಸೆನ್ಸರೇ ದೋಷಪೂರಿತವಾಗಿದ್ದಿರಬಹುದು, ಆದರೆ ವಿದ್ಯುತ್ ಭಾಗಗಳಿಗೆ ಖಾತರಿ ಅನ್ವಯಿಸುವುದಿಲ್ಲ ಎಂದು ಗುರುಕಿರಣ್ ವಿನಯದಿಂದಲೇ ವಿವರಿಸಿದ. ಇನ್ನೊಂದು ಸೆನ್ಸರ್, ಎಂಟು ಸಾವಿರದ ನೂರ ನಲವತ್ತು.

ಆ ರಾತ್ರಿ ಊಟದ ಹೊತ್ತಿನಲ್ಲಿ ಮಗ ಸುದರ್ಶನ ವಿಷಯವೆತ್ತಿದ. ಅವನು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ, ಅದೇ ಮನೆಯ ಮಹಡಿಯ ಮೇಲೆ ಸಂಸಾರ. ಕೆಟ್ಟವನಲ್ಲ, ಆದರೆ ತಾಯಿಗೆ ಎಪ್ಪತ್ತೊಂದು ತುಂಬಿದ ದಿನದಿಂದ ಅವರ ಕಾರು ಗೇಟಿನಿಂದ ಹೊರಬಿದ್ದಾಗಲೆಲ್ಲ ಅವನು ಮಹಡಿಯ ಕಿಟಕಿಗೆ ಬಂದು ನಿಲ್ಲುತ್ತಿದ್ದ. ಹಳೆಯ ಕಾರನ್ನು ಕೊಟ್ಟು ತನ್ನ ಹೆಸರಿನಲ್ಲಿ ಹೊಸದನ್ನು ತೆಗೆದುಕೊಳ್ಳುವುದಾಗಿಯೂ ಅಮ್ಮನನ್ನು ತಾನೇ ಕರೆದೊಯ್ಯುವುದಾಗಿಯೂ ಹೇಳಿದ.

"ಎಲ್ಲಿಗೆ ಬೇಕೋ ಹೇಳಮ್ಮ. ಭಾನುವಾರ ನಾನು ಫ್ರೀ."

"ಮಿಕ್ಕ ಆರು ದಿನ ನಾನೇನು ಮಾಡ್ಲಿ? ಭಾನುವಾರ ಯಾವಾಗ ಬರುತ್ತೆ ಅಂತ ಎಣಿಸ್ತಾ ಕೂತ್ಕೊಳ್ಲಾ?"

ವಾದ ಬೆಳೆಯಿತು. ಕೊನೆಗೆ ಒಂದು ಕರಾರಾಯಿತು: ದೀಪ ಮೂರನೆಯ ಸಲ ಹತ್ತಿ, ಮತ್ತೆ ದೊಡ್ಡ ಖರ್ಚು ಬಿದ್ದರೆ ಕಾರನ್ನು ಮಾರುವುದು. ಕಮಲಮ್ಮನವರು ಒಪ್ಪಿದರು. ಎರಡೆರಡು ಸೆನ್ಸರ್ ಹಾಕಿಸಿದ ಮೇಲೂ ಹತ್ತೀತೆಂದು ಅವರು ಭಾವಿಸಿರಲಿಲ್ಲ. ಕೊಟ್ಟ ಮಾತನ್ನು ತಪ್ಪುವ ಅಭ್ಯಾಸವೂ ಅವರಿಗಿರಲಿಲ್ಲ.

ಮಾರ್ಚ್ ಹತ್ತರ ಸೋಮವಾರ ದೀಪ ಮೂರನೆಯ ಸಲ ಹತ್ತಿತು.

ಗುರುಕಿರಣ್ ಈ ಬಾರಿ ಹೆಚ್ಚು ಗಂಭೀರನಾಗಿದ್ದ. ಸೆನ್ಸರ್ ಎರಡು ಸಲ ಬದಲಾಯಿಸಿದ್ದಾಗಿದೆ, ಆದ್ದರಿಂದ ದೋಷ ಸೆನ್ಸರಿನದಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರ್ ಹೋಗಿದೆ. ಅದಕ್ಕೆ ಐವತ್ತೆಂಟು ಸಾವಿರದ ಐನೂರು. ಬುಧವಾರ ಗಾಡಿ ಬಿಟ್ಟರೆ ಶನಿವಾರ ಸಿಗುತ್ತದೆ. ಅಂದಾಜು ಪಟ್ಟಿಯನ್ನು ಫೋನಿಗೂ ಕಳುಹಿಸಿದ. ಫೋನು ಊಟದ ಮೇಜಿನ ಮೇಲಿತ್ತು, ಸುದರ್ಶನ ನೋಡಿದ. ಮರುದಿನ ಸಂಜೆ ಅವನು ಕಚೇರಿಯಿಂದ ಬರುವಾಗ ಮಾಲೀಕತ್ವ ವರ್ಗಾವಣೆಯ ಅರ್ಜಿಗಳನ್ನು ತಂದು, ಸಹಿ ಬೇಕಾದ ಕಡೆಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ದೇವರ ಮನೆಯ ಪಕ್ಕದ ಕಪಾಟಿನಲ್ಲಿಟ್ಟ. ಕರಾರು ಕರಾರೇ ಆಗಿತ್ತು.

ಕಮಲಮ್ಮನವರು ಆ ಪಟ್ಟಿಯನ್ನು ಮೂರು ಸಲ ಓದಿದರು. ಅವರನ್ನು ಕೆರಳಿಸಿದ್ದು ಮೊತ್ತವಲ್ಲ. ಆ ಹಾಳೆಯಲ್ಲಿ ಭಾಗದ ಹೆಸರಿತ್ತು, ಬೆಲೆಯಿತ್ತು, ತೆರಿಗೆಯಿತ್ತು. ಯಾರು, ಯಾವಾಗ, ಏನನ್ನು ಕಣ್ಣಾರೆ ಕಂಡು ಈ ತೀರ್ಮಾನಕ್ಕೆ ಬಂದರೆಂಬ ಒಂದು ಸಾಲೂ ಇರಲಿಲ್ಲ. ಇಪ್ಪತ್ತು ಗ್ರಾಂ ಕಡಿಮೆ ತೂಗಿದ ಸೊಪ್ಪಿನವಳ ತಕ್ಕಡಿಯನ್ನು ವಶಪಡಿಸಿಕೊಳ್ಳುವಾಗಲೂ ಅವರು ಇಬ್ಬರು ಪಂಚರನ್ನು ಸಾಕ್ಷಿಗಳಾಗಿ ಕರೆದು, ಕಂಡದ್ದನ್ನು ಅಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿ ಮಹಜರು ಮಾಡಿದವರು. ಮಹಜರಿಲ್ಲದೆ ಒಂದು ತಕ್ಕಡಿ ಕದಲುವಂತಿರಲಿಲ್ಲ. ಇಲ್ಲಿ ಮಹಜರಿಲ್ಲದೆ ಕಾರೇ ಕೈಬಿಡಬೇಕಾಗಿತ್ತು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಗೆರೆ ಹಾಕಿದ ಕಾಗದ, ಕಾರ್ಬನ್ ಹಾಳೆ ಮತ್ತು ಎರಡು ಪೆನ್ನುಗಳೊಂದಿಗೆ ವರ್ಕ್‌ಶಾಪಿಗೆ ಬಂದರು. ಪಕ್ಕದಲ್ಲಿ ಪುಟ್ಟತಾಯಮ್ಮ ಇದ್ದರು. ಕನ್ವರ್ಟರ್ ಬಿಚ್ಚುವ ಮೊದಲು ಆ ಸೆನ್ಸರಿನಿಂದ ಹೊರಟು ಯಂತ್ರ ಓದುವ ಜಾಗದವರೆಗಿನ ಎಲ್ಲ ಭಾಗಗಳನ್ನೂ ಸಾಕ್ಷಿಗಳ ಎದುರಿನಲ್ಲಿ ಬಿಚ್ಚಿ ತೋರಿಸಬೇಕೆಂದು ಅವರು ಕೇಳಿದರು.

"ಮೇಡಂ, ಕಸ್ಟಮರ್ಸ್ ಒಳಗಡೆ ಬರೋ ಹಾಗಿಲ್ಲ. ಸೇಫ್ಟಿ ರೂಲ್," ಎಂದ ಗುರುಕಿರಣ್.

"ನಾವು ಬರಲ್ಲ. ಗಾಡೀನ ಹೊರಗೆ ತರ್ಸಿ. ಅದು ಹೊರಗೆ ಬರಬಾರದು ಅಂತ ರೂಲ್ ಇದ್ರೆ ತೋರ್ಸಿ, ಓದ್ಕೊಳ್ತೀನಿ."

ಅಂಥ ನಿಯಮವಿರಲಿಲ್ಲ. ಕಾರು ಅಂಗಳದ ಬೇವಿನ ಮರದ ಕೆಳಗೆ ಬಂದು ನಿಂತಿತು. ಗ್ರಾಹಕರ ಕೋಣೆಯಲ್ಲಿ ತಮ್ಮ ಕಾರಿಗಾಗಿ ಕಾಯುತ್ತಿದ್ದ ವಾಗೀಶ ಎಂಬ ಕಾಲೇಜು ಅಧ್ಯಾಪಕರನ್ನು ಕಮಲಮ್ಮನವರು ಎರಡನೆಯ ಪಂಚರಾಗುವಂತೆ ಕೋರಿದರು. ಅವರು ಮೊದಲು ಮುಜುಗರಪಟ್ಟರು. ಆಮೇಲೆ ಕೈಯಲ್ಲಿದ್ದ ತಮ್ಮ ಅಂದಾಜು ಪಟ್ಟಿಯನ್ನು ಒಮ್ಮೆ ನೋಡಿಕೊಂಡು ಎದ್ದುಬಂದರು. ಒಳಗಿನಿಂದ ಬಂದ ಮೆಕ್ಯಾನಿಕ್ ನಂಜುಂಡಸ್ವಾಮಿ, ಐವತ್ತು ದಾಟಿದವನು, ಬೆರಳ ಸಂದುಗಳಲ್ಲಿ ಎಂದೂ ಹೋಗದ ಗ್ರೀಸು. ಈ ಬೆಳಗಿನ ಕೆಲಸವೇನೆಂದು ತಿಳಿದಾಗ ಅವನ ಮುಖ ಕಳೆಗುಂದಿದ್ದನ್ನು ಕಮಲಮ್ಮನವರು ಗಮನಿಸಿದರು.

ಸ್ಥಳ, ದಿನಾಂಕ, ವೇಳೆ, ಪಂಚರ ಹೆಸರು, ವಯಸ್ಸು, ವಿಳಾಸ, ಕಾರು ಓಡಿದ ದೂರ ಅರವತ್ತೊಂದು ಸಾವಿರದ ನಾಲ್ಕುನೂರ ಹನ್ನೆರಡು ಕಿಲೋಮೀಟರ್ ಎಂಬುದನ್ನು ಬರೆದು ಮುಗಿಸಿ, ಬಾನೆಟ್ ತೆರೆಸಿದರು. ನಂಜುಂಡಸ್ವಾಮಿ ಸೆನ್ಸರಿನ ತಂತಿಯನ್ನು ಬೆರಳಲ್ಲಿ ಹಿಡಿದು ಮೇಲೆ ಬಂದ. ಎಂಜಿನ್ನಿನ ನೆತ್ತಿಯ ಬಳಿ, ಕೈಗೆ ಸುಲಭವಾಗಿ ಸಿಗುವಂಥ ಜಾಗದಲ್ಲಿ, ಆ ತಂತಿಯ ಪ್ಲಗ್ಗು ಇತ್ತು. ಬಿಚ್ಚಿದ.

ಒಳಗಿನ ನಾಲ್ಕು ಪಿನ್ನುಗಳ ಸುತ್ತ ಕೆಂಪು ಹಳದಿ ಮಿಶ್ರಿತ ಗಟ್ಟಿ ಹಕ್ಕಳೆ. ಎರಡು ಪಿನ್ನು ಹಸಿರುಗಟ್ಟಿದ್ದವು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಳನ್ನು ನಂಜುಂಡಸ್ವಾಮಿ ಸೂಜಿಯಿಂದ ಎಬ್ಬಿಸಿ ಅಂಗೈ ಮೇಲಿಟ್ಟ. ಅಕ್ಕಿ. ಅರಿಶಿನ ಹಚ್ಚಿದ ಅಕ್ಕಿ.

ಕಮಲಮ್ಮನವರಿಗೆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಅಕ್ಟೋಬರ್ ಹನ್ನೊಂದರ ಶುಕ್ರವಾರ ಆಯುಧಪೂಜೆ. ಎಲ್ಲರೂ ಕಾರಿನ ಮೂತಿಗೆ ಕುಂಕುಮವಿಟ್ಟು ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ಕಮಲಮ್ಮನವರು ಮಾತ್ರ ಆ ಸಲ ಬಾನೆಟ್ ತೆರೆದು ಎಂಜಿನ್ನಿಗೇ ನೀರು ಪ್ರೋಕ್ಷಿಸಿ, ಕಲಸಿದ ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿದ್ದರು. ದುಡಿಯುವುದು ಎಂಜಿನ್ನು, ಪೂಜೆ ಅದಕ್ಕೇ ಸಲ್ಲಬೇಕೆಂಬುದು ಅವರ ನ್ಯಾಯ. ಸೇವೆಯಲ್ಲಿದ್ದಾಗ ಪ್ರತಿ ವರ್ಷ ಹಬ್ಬದ ಮರುವಾರ ಅಂಗಡಿ ಅಂಗಡಿ ಸುತ್ತಿ, ತೂಕದ ಬಟ್ಟುಗಳ ಮೇಲೆ ಕುಂಕುಮ ಮೆತ್ತಿಸಿಕೊಂಡ ವರ್ತಕರನ್ನು ಅವರು ತರಾಟೆಗೆ ತೆಗೆದುಕೊಂಡಿದ್ದರು. ಭಕ್ತಿಯಿದ್ದರೆ ಪೆಟ್ಟಿಗೆಗೆ ಹಚ್ಚಿ, ಬಟ್ಟಿಗೆ ಹಚ್ಚಿದರೆ ತೂಕ ಕೆಡುತ್ತದೆ ಎಂದು ನೂರಾರು ಜನರಿಗೆ ಹೇಳಿದ್ದರು, ದಂಡವನ್ನೂ ಹಾಕಿದ್ದರು. ಆ ಬುದ್ಧಿ ತಮ್ಮ ಮನೆಯ ಅಂಗಳದಲ್ಲಿ ಅವರಿಗೇ ನೆನಪಾಗಿರಲಿಲ್ಲ.

ಗುರುಕಿರಣ್‌ನ ಮುಖ ಅರಳಿತು. "ನೋಡಿ ಮೇಡಂ. ಇದು ನೀವೇ ಮಾಡ್ಕೊಂಡಿರೋದು. ನಮ್ದೇನಿದೆ ಇದ್ರಲ್ಲಿ?"

ಪುಟ್ಟತಾಯಮ್ಮ ಕಮಲಮ್ಮನವರ ಸೆರಗನ್ನು ಮೆಲ್ಲನೆ ಎಳೆದರು. "ಇದ ಬರೀಬ್ಯಾಡಿ ಕಣ್ರೀ ಕಮಲಮ್ಮ. ನಿಮ್ಮ ಮಗ ಓದಿದ್ರೆ ಮುಗೀತು, ಕೀಲಿಕೈ ಇಸ್ಕಬುಡ್ತಾನೆ. ಇಲಿ ತಂದಾಕಿತ್ತು ಅಂತ ಬರದ್ಬುಡಿ."

"ಇಲಿ ಅಕ್ಕೀಗೆ ಅರಿಶಿನ ಹಚ್ಚಿ ತರಲ್ಲ ಪುಟ್ಟತಾಯಮ್ಮ," ಎಂದು ಕಮಲಮ್ಮನವರು ಕಾಗದವನ್ನು ಮಡ್‌ಗಾರ್ಡಿನ ಮೇಲಿಟ್ಟು ಬರೆಯತೊಡಗಿದರು. ವಾಹನದ ಮಾಲೀಕರು ಆಯುಧಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮ ಮತ್ತು ನೀರು ಪ್ಲಗ್ಗಿನೊಳಗೆ ಇಳಿದು ಪಿನ್ನುಗಳು ಕೆಟ್ಟಿರುವುದು ಕಂಡುಬಂದಿದೆ. ಪ್ಲಗ್ಗಿನಲ್ಲಿ ಒಂದು ಅಕ್ಷತೆಯ ಕಾಳು ದೊರೆತಿದೆ. ಇದಕ್ಕೆ ಮಾಲೀಕರೇ ಹೊಣೆ. ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳುತ್ತಾ ಬರೆದರು. ಆ ಮೂರು ವಾಕ್ಯಗಳು ಮನೆಗೆ ಹೋದರೆ ಸುದರ್ಶನನ ಕೈಯಲ್ಲಿ ಏನಾಗುತ್ತವೆಂಬುದು ಅವರಿಗೆ ಪುಟ್ಟತಾಯಮ್ಮನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಕಂಡದ್ದರಲ್ಲಿ ಬೇಕಾದಷ್ಟನ್ನು ಮಾತ್ರ ಬರೆಯುವುದಾದರೆ, ಆ ಹಾಳೆಗೂ ಗುರುಕಿರಣ್‌ನ ಅಂದಾಜು ಪಟ್ಟಿಗೂ ವ್ಯತ್ಯಾಸವೇನು?

ಗುರುಕಿರಣ್ ಹೊರಡಲು ತಿರುಗಿದ. ಕಮಲಮ್ಮನವರು ತಲೆಯೆತ್ತಲಿಲ್ಲ.

"ನಿಂತ್ಕೊಳ್ಳಿ. ಇನ್ನೂ ಮುಗಿದಿಲ್ಲ. ನಂಜುಂಡಸ್ವಾಮಿಯವರೇ, ಈ ಪ್ಲಗ್ಗು ಬಿಚ್ಚದೆ ಸೆನ್ಸರ್ ಬದಲಾಯಿಸೋಕೆ ಆಗುತ್ತಾ?"

ನಂಜುಂಡಸ್ವಾಮಿ ಪ್ಲಗ್ಗನ್ನು ಎರಡು ಸಲ ತಿರುಗಿಸಿ ನೋಡಿದ. "ಆಗಲ್ಲ ಅಮ್ಮಾರೇ."

"ಹಾಗಾದ್ರೆ ಇದನ್ನ ಎರಡು ಸಲ ಬಿಚ್ಚಿ, ಎರಡು ಸಲ ಹಾಕಿದಾರೆ. ಯಾರು?"

ಗುರುಕಿರಣ್, ಅದೆಲ್ಲ ಜಾಬ್ ಕಾರ್ಡ್ ನೋಡಿ ಹೇಳಬೇಕಾಗುತ್ತದೆ ಎಂದು ಏನೋ ಹೇಳಹೊರಟ. ನಂಜುಂಡಸ್ವಾಮಿ ಅವನ ಕಡೆ ನೋಡದೆ ಹೇಳಿದ: "ಮೊದಲ್ನೇ ಸಲ ಹಾಕಿದೋನು ಈಗ ಕೆಲ್ಸ ಬುಟ್ಟವ್ನೆ. ಎರಡ್ನೇ ಸಲ ನಾನೇ."

ಆಮೇಲೆ ಅವನೇ ಎಲ್ಲವನ್ನೂ ವಿವರಿಸಿದ. ಯಂತ್ರ ಸಂಖ್ಯೆ ತೋರಿಸುತ್ತದೆ. ಆ ಸಂಖ್ಯೆಯ ಎದುರಿಗೆ ಯಾವ ಭಾಗದ ಹೆಸರಿದೆಯೋ ಅದು ಜಾಬ್ ಕಾರ್ಡಿನಲ್ಲಿ ಅಚ್ಚಾಗಿ ಬರುತ್ತದೆ. ಬದಲಾಯಿಸಲು ನಲವತ್ತು ನಿಮಿಷ. ಯಾಕೆ ಕೆಟ್ಟಿತೆಂದು ನೋಡಲು ಕಾರ್ಡಿನಲ್ಲಿ ನಿಮಿಷವಿಲ್ಲ. ಕೆಂಪಗೆ ಏನೋ ಕಂಡಿತ್ತು, ಧೂಳಿರಬೇಕೆಂದು ಹೊಸ ಸೆನ್ಸರಿನ ತಂತಿಯನ್ನು ಅದರ ಮೇಲೆಯೇ ಒತ್ತಿ ಕೂರಿಸಿದ್ದ. ಬಿಚ್ಚಿ ಹಾಕಿದಾಗ ಪಿನ್ನುಗಳು ಉಜ್ಜಿಕೊಂಡು ಒಂದೆರಡು ತಿಂಗಳು ಸರಿಯಾಗಿರುತ್ತವೆ, ಆಮೇಲೆ ಮತ್ತೆ ಮೊದಲಿನಂತೆಯೇ. ಕನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಹಾಕಿದ್ದರೂ ದೀಪ ನಾಲ್ಕನೆಯ ಸಲ ಹತ್ತುತ್ತಿತ್ತು.

ವಾಗೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಇದೆಲ್ಲವೂ ಹಾಳೆಯ ಮೇಲೆ ಬಂತು. ಕಮಲಮ್ಮನವರು ಆರಂಭದಿಂದ ಓದಿ ಹೇಳಿ, ಮೊದಲು ತಾವು ಸಹಿ ಮಾಡಿದರು. ಪಂಚರು ಸಹಿ ಮಾಡಿದರು. ಪುಟ್ಟತಾಯಮ್ಮ ತಮ್ಮ ಹೆಸರಿನ ಕೊನೆಯ ಒತ್ತಕ್ಷರವನ್ನು ಹಾಳೆಯ ಅಂಚು ದಾಟುವಂತೆ ಬರೆದರು. ಪೆನ್ನು ನಂಜುಂಡಸ್ವಾಮಿಯ ಕಡೆ ಹೋದಾಗ ಗುರುಕಿರಣ್ ಅಡ್ಡ ಬಂದ.

"ಸ್ವಾಮಣ್ಣ, ಸೈನ್ ಗೀನ್ ಮಾಡ್ಬೇಡಿ. ಮ್ಯಾನೇಜರ್‌ಗೆ ಗೊತ್ತಾದ್ರೆ ನಿಮ್ಗೇ ಕಷ್ಟ."

"ಅಮ್ಮಾರು ಅವ್ರ ತಪ್ಪ ಅವ್ರೇ ಬರ್ಕಂಡವ್ರೆ. ನಾನು ನಂದು ಬುಟ್ಬುಟ್ರೆ ಎಂಗೆ ಸಾ?" ಎಂದು ನಂಜುಂಡಸ್ವಾಮಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ.

ಅರ್ಧ ಗಂಟೆಯೊಳಗೆ ಅವನು ಹಕ್ಕಳೆಯನ್ನು ತೆಗೆದು, ಕೆಟ್ಟ ಎರಡು ಪಿನ್ನುಗಳನ್ನು ಬದಲಾಯಿಸಿ, ಪ್ಲಗ್ಗಿಗೆ ಹೊಸ ರಬ್ಬರ್ ಹಾಕಿ ಮುಚ್ಚಿದ. ಯಂತ್ರ ಜೋಡಿಸಿ ನೋಡಿದರು, ಸಂಖ್ಯೆ ಇರಲಿಲ್ಲ. ಬಿಲ್ಲು ಮುನ್ನೂರ ನಲವತ್ತು ರೂಪಾಯಿ. ಕಮಲಮ್ಮನವರು ಅದನ್ನು ಚಿಲ್ಲರೆ ಸಮೇತ ಎಣಿಸಿ ಕೊಟ್ಟು, ಮಹಜರಿನ ಕಾರ್ಬನ್ ಪ್ರತಿಯನ್ನು ಹಿಡಿದು ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರನ ಮುಂದೆ ಹೋಗಿ ಕುಳಿತರು.

ಮ್ಯಾನೇಜರ್ ಓದುತ್ತಾ ಹೋದಂತೆ ಅವನ ನಗು ಸಣ್ಣದಾಯಿತು. ಕನ್ವರ್ಟರಿನ ಅಂದಾಜನ್ನು ಕೂಡಲೇ ರದ್ದು ಮಾಡುವುದಾಗಿ ಹೇಳಿದ. ಸೌಹಾರ್ದದ ದೃಷ್ಟಿಯಿಂದ ಕಾರಿನ ಒಳಭಾಗವನ್ನು ಉಚಿತವಾಗಿ ತೊಳೆದುಕೊಡುವುದಾಗಿಯೂ ಮುಂದಿನ ಸರ್ವಿಸಿನಲ್ಲಿ ಶೇಕಡಾ ಹತ್ತು ರಿಯಾಯಿತಿ ಕೊಡುವುದಾಗಿಯೂ ಹೇಳಿದ. ಕಮಲಮ್ಮನವರು, ಕಾರು ಕೊಳೆಯಾಗಿಲ್ಲವೆಂದರು. ತಮಗೆ ಬೇಕಾದದ್ದು ಎರಡನೆಯ ಸೆನ್ಸರಿನ ಎಂಟು ಸಾವಿರದ ನೂರ ನಲವತ್ತು ರೂಪಾಯಿ. ಮೊದಲನೆಯದರ ಹಣವನ್ನು ಕೇಳುವುದಿಲ್ಲ.

"ಯಾಕೆ ಮೊದಲ್ನೇದು ಬಿಟ್ರಿ ಮೇಡಂ?" ಮ್ಯಾನೇಜರಿಗೆ ಇದೇನೋ ಉಪಾಯವಿರಬೇಕೆಂಬ ಅನುಮಾನ.

"ಕುಂಕುಮ ಹಚ್ಚಿದೋಳು ನಾನು. ಅದು ನಾನು ನನಗೆ ಹಾಕ್ಕೊಂಡ ದಂಡ. ಎರಡನೇದು ನೋಡಿಯೂ ನೋಡದೆ ಇದ್ದಿದ್ದಕ್ಕೆ, ಅದು ನಿಮ್ದು. ನಂಜುಂಡಸ್ವಾಮಿ ಸಂಬಳದಿಂದ ಹಿಡಿದ್ರೆ ಈ ಹಾಳೆ ಗ್ರಾಹಕರ ಆಯೋಗಕ್ಕೆ ಹೋಗುತ್ತೆ. ಅವರಿಗೆ ನೋಡೋಕೆ ನಿಮಿಷ ಕೊಡದೆ ಇದ್ದೋರು ನೀವು."

ಮೇಲಿನವರನ್ನು ಕೇಳಬೇಕು ಎಂದ. ಕೇಳಿ ಎಂದರು. ಎರಡು ಗಂಟೆ ಹತ್ತು ನಿಮಿಷ ಅವರು ಅಲ್ಲಿಂದ ಏಳಲಿಲ್ಲ. ಪುಟ್ಟತಾಯಮ್ಮ ಹೊರಗಿನ ಅಂಗಡಿಯಿಂದ ಬನ್ನು ತಂದು, ಕೇಳಿದವರಿಗೂ ಕೇಳದವರಿಗೂ ಅಕ್ಷತೆಯ ಕಾಳಿನ ಕಥೆ ಹೇಳತೊಡಗಿದರು. ಪಕ್ಕದ ಮಾರಾಟ ಮಳಿಗೆಗೆ ಹೊಸ ಕಾರು ನೋಡಲು ಬಂದಿದ್ದ ಒಂದು ಕುಟುಂಬ ಕಾರು ಬಿಟ್ಟು ಇವರನ್ನೇ ಆಲಿಸುತ್ತಾ ನಿಂತಿತು. ಮೇಲಿನವರು ಒಪ್ಪಿದರು. ಹಣ ಖಾತೆಗೆ ಬಂದ ಸಂದೇಶ ಕಂಡ ಮೇಲೆ ಕಮಲಮ್ಮನವರು ಮೂಲಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಎದ್ದರು.

ಸಂಜೆ ಸುದರ್ಶನ ಬಂದಾಗ ಮಹಜರು ಊಟದ ಮೇಜಿನ ಮೇಲಿತ್ತು. ಮಡಚಿಟ್ಟಿರಲಿಲ್ಲ. ಅವನು ನಿಂತುಕೊಂಡೇ ಓದಿದ. ಮೊದಲ ಪುಟದ ಕೊನೆಯ ಮೂರು ಸಾಲುಗಳಲ್ಲಿ ನಿಂತು, ಮತ್ತೆ ಓದಿದ.

"ಅಮ್ಮ, ತಪ್ಪು ನಿಂದೇ ಅಂತ ನೀನೇ ಬರ್ದಿದೀಯಲ್ಲ."

"ಹೌದು. ನಂದೇ."

"ಇದನ್ನೇ ನಾನು ಹೇಳ್ತಿದ್ದಿದ್ದು. ವಯಸ್ಸಾದ್ಮೇಲೆ ಇಂಥದ್ದೆಲ್ಲ ಆಗುತ್ತೆ. ಇವತ್ತು ಕುಂಕುಮ, ನಾಳೆ ಇನ್ನೊಂದು."

ಕಮಲಮ್ಮನವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಕೋಪವಿತ್ತು, ಆದರೆ ಧ್ವನಿ ಏರಲಿಲ್ಲ. ಎಂಜಿನ್ನಿಗೆ ಕುಂಕುಮ ಹಚ್ಚಲು ಎಪ್ಪತ್ತೊಂದು ವರ್ಷ ತುಂಬಿರಬೇಕಾಗಿಲ್ಲ ಎಂದರು. ಕಳೆದ ಹಬ್ಬದಲ್ಲಿ ಅರಿಶಿನದ ಬಟ್ಟಲನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದವನು ಅವನೇ, ಅವನಿಗೆ ನಲವತ್ತನಾಲ್ಕು. ಕರಾರಿನಲ್ಲಿದ್ದದ್ದು ದೊಡ್ಡ ಖರ್ಚು; ಆದದ್ದು ಮುನ್ನೂರ ನಲವತ್ತು. ತಪ್ಪು ಮಾಡಿದವರೆಲ್ಲ ಗಾಡಿ ಬಿಡಬೇಕೆಂದಾದರೆ ಮೈಸೂರಿನ ರಸ್ತೆಗಳಲ್ಲಿ ಓಡುವವರು ಯಾರು?

ಸುದರ್ಶನ ಕುರ್ಚಿ ಎಳೆದುಕೊಂಡು ಕುಳಿತ. ಅವನ ಧ್ವನಿಯಲ್ಲಿ ಈಗ ವಾದವಿರಲಿಲ್ಲ, ಭಯವಿತ್ತು. "ಇವತ್ತು ದೀಪ ಆರಿದೆ ಅಮ್ಮ. ನಾಳೆ ಎಲ್ಲೋ ದಾರೀಲಿ ಮತ್ತೆ ಹತ್ತಿದ್ರೆ?"

"ನಾಳೆ ಹತ್ತಿದ್ರೆ ನಾಳೆ ಬಾನೆಟ್ ತೆಗ್ದು ನೋಡ್ತೀನಿ. ನಿಂಗೆ ಭಯ ಇದೆ ಅಂತ ಗೊತ್ತು ಕಣೋ. ಭಯ ಇರೋದು ತಪ್ಪಲ್ಲ. ಆದ್ರೆ ಅದು ನಿಂದು; ಗಾಡಿ ನಂದು."

ಅವರು ಕಪಾಟಿನಿಂದ ವರ್ಗಾವಣೆಯ ಅರ್ಜಿಗಳನ್ನು ತೆಗೆದು, ಸಹಿಯಿಲ್ಲದ ಹಾಗೆಯೇ, ಅವನ ಮುಂದಿಟ್ಟರು. ಅವನು ಪೆನ್ಸಿಲಿನ ಗುರುತು ಹಾಕಿದ್ದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡ.

ಗಂಟೆ ಆರೂಕಾಲು. ಪಿಂಚಣಿದಾರರ ಸಭೆ ಆರೂವರೆಗೆ. ಎದುರುಮನೆಯ ಜಗುಲಿಯ ಮೇಲೆ ಪುಟ್ಟತಾಯಮ್ಮ ಸೀರೆ ಬದಲಾಯಿಸಿ ಕಾಯುತ್ತಿದ್ದರು. ಕಮಲಮ್ಮನವರು ಕೀಲಿಕೈ ತೆಗೆದುಕೊಂಡು ಹೊರಗೆ ಬಂದು, ಗೇಟಿನ ಕಡೆ ನೋಡಿ, ಒಳಗೆ ತಿರುಗಿ ಹೇಳಿದರು:

"ಸುದರ್ಶನ, ನಿನ್ನ ಸ್ಕೂಟರ್ ಗೇಟಿಗೆ ಅಡ್ಡ ಇದೆ. ಬಂದು ತೆಗಿ."